ಕಾದ ಮುದ್ರೆ

ಕ್ರೋಂಪೇಟೆ
ಏಕಾದಶಿ, ಬೆಳಿಗ್ಗೆ

ತೀರ್ಥರೂಪ ಸಮಾನರಾದ ಮಾವನವರಿಗೆ ನಿಮ್ಮ ಸೊಸೆ ಜಯಲಕ್ಷ್ಮೀಯ ನಮಸ್ಕಾರಗಳು.

ನನ್ನ ಕಾಲಿನ ಪ್ಲಾಸ್ಟರ್ ಇನ್ನೂ ತೆಗೆದಿಲ್ಲ. ಇಲ್ಲದಿದ್ದರೆ ತಾಂಬರಂಗೆ ನಾನೇ ಬರುತ್ತಿದ್ದೆ. ನಿಮ್ಮ ಫೋನ್ ಆಫ್ ಆಗಿದೆ. ಇವರು ನಿಮ್ಮೆದುರು ಬಾಯಿ ಬಿಡುವವರಲ್ಲ.

ನಾನು ಬಿದ್ದಾಗಿನಿಂದ ಮಗಳು ತೃಪ್ತಿಯನ್ನು ಅಲ್ಲಿ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೀರಿ. ಆದರೆ ಅವಳ ಮೈಮೇಲಿನ ಕಂದು ಮಚ್ಚೆಗಳು ಯಾವ ದೋಷವೂ ಅಲ್ಲ, ಮಾಸ್ಟೊಸೈಟೋಸಿಸ್ ಎಂಬ ಕಾಯಿಲೆ ಎಂದು ಡಾಕ್ಟರು ನಿಮ್ಮೆದುರೇ ಹೇಳಿದ್ದರು. ಉಜ್ಜಿದರೆ, ಬಿಸಿ ತಗುಲಿದರೆ ಉಬ್ಬುತ್ತವೆ. ಯುಗಾದಿಯ ಎಣ್ಣೆಸ್ನಾನದಲ್ಲಿ ಬಿಸಿನೀರು ಹೊಯ್ದಾಗ ಮಗು ನನ್ನ ತೊಡೆಯ ಮೇಲೇ ಪ್ರಜ್ಞೆ ತಪ್ಪಿತ್ತು. ನೀವು ಪಿತ್ತ ಎಂದಿರಿ.

ನಿನ್ನೆ ಸಂಜೆ ಫೋನಿನಲ್ಲಿ, "ಅಮ್ಮಾ, ನಾಳೆ ಮಠದಲ್ಲಿ ಸ್ವಾಮಿಗಳು ಸೀಲ್ ಹಾಕ್ತಾರಂತೆ, ಅಪ್ಪುರಂ ಮಚ್ಚೆ ಎಲ್ಲಾ ಹೋಗಿಬಿಡತ್ತಂತೆ, ತಾತ ಹೇಳಿದ್ರು" ಎಂದಳು. ತುಂಬ ಖುಷಿಯಲ್ಲಿದ್ದಳು.

ಬೆಂಕಿಯಲ್ಲಿ ಕಾಯಿಸಿ ತೋಳಿಗೆ ಒತ್ತುವ ಶಂಖಚಕ್ರದ ಮುದ್ರೆ ಅವಳಿಗೆ ಬೇಡ. ಗೋಪಿಚಂದನದ ತಣ್ಣನೆಯ ಮುದ್ರೆ ಸಾಕು.

ಮಡಿಯಲ್ಲಿರುವಾಗ ನೀವು ಹೊರಗಿನ ಕಾಗದ ಮುಟ್ಟುವುದಿಲ್ಲ. ಅದಕ್ಕೇ ಇದನ್ನು ತರುತ್ತಿರುವ ನನ್ನ ತಮ್ಮ ಅರವಿಂದನಿಗೆ ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಓದಲು ಹೇಳಿದ್ದೇನೆ. ನೀವು ಆಗಲೇ ಹೊರಟಿದ್ದರೆ ಅವನು ಮಠಕ್ಕೇ ಬರುತ್ತಾನೆ. ಮಗು ಮತ್ತೆ ಪ್ರಜ್ಞೆ ತಪ್ಪಿದರೆ ಕೂಡಲೇ ಕೊಡಬೇಕಾದ ಇಂಜೆಕ್ಷನ್ ಅವನ ಕೈಯಲ್ಲಿ ಇರುತ್ತದೆ. ಚುಚ್ಚುವುದನ್ನು ಅವನಿಗೆ ಡಾಕ್ಟರೇ ಕಲಿಸಿದ್ದಾರೆ. ರೈಲಿನಲ್ಲಿ ನಾಲ್ಕು ಜನರನ್ನು ಮುಟ್ಟಿಕೊಂಡು ಬಂದವನು, ಸ್ನಾನವೂ ಆಗಿರುವುದಿಲ್ಲ. ಸಾಲು ಮುರಿದು ಒಳಗೆ ಓಡಿ ಬಂದರೆ ದಯವಿಟ್ಟು ತಡೆಯಬೇಡಿ. ಮಗುವನ್ನು ಮುಟ್ಟಲು ಬಿಡಿ.

ಇಂತು,
ಜಯಲಕ್ಷ್ಮೀ