ನಿನ್ನ ಫೋನಿಗೆ ಡಿಸ್‌ಪ್ಲೇ ಹಾಕಿದ ಮೇಲೆ

ತರೀಕೆರೆ
ಭಾನುವಾರ, 16-11-2025

ಪ್ರೀತಿಯ ಮಗಳು ನೂರೈನ್‌ಗೆ ಅಬ್ಬಾನ ಸಲಾಮ್ ಮತ್ತು ದುವಾ.

ಇಲ್ಲಿ ನಾನು ಆರೋಗ್ಯವಾಗಿದ್ದೇನೆ. ಮಂಡಿನೋವು ಇದ್ದ ಹಾಗೇ ಇದೆ, ಸಕ್ಕರೆ ಹತೋಟಿಯಲ್ಲಿದೆ. ಇನ್ನು ನೀನು ಹೇಗಿದ್ದೀಯಾ ಎಂದು ಕೇಳಬೇಕು. ಕಾಗದ ಬರೆಯುವವರೆಲ್ಲ ಮೊದಲು ಕೇಳುವುದು ಅದನ್ನೇ. ಆ ಒಂದು ಸಾಲು ಬರೆಯುವುದಕ್ಕೆ ನಾನು ಮೂರು ಹಾಳೆ ಹರಿದು ಹಾಕಿದೆ ಬೇಟಾ. ನಿನ್ನ ಆರೋಗ್ಯದ ವಿಷಯ ನನಗೆ ಗೊತ್ತಾಗಿದ್ದೇ ಕಳ್ಳತನದಿಂದ, ಈಗ ಯಾವ ಬಾಯಲ್ಲಿ ಕೇಳಲಿ? ನಿನ್ನ ಜಾಹೇದಾ ಖಾಲಾ ಫೋನ್ ಮಾಡಿದ್ದಳು. ನೀನು ಶಾಲೆಗೆ ಹೋಗಿ ಬರುತ್ತಿದ್ದೀಯ, ಸ್ವಲ್ಪ ಇಳಿದಿದ್ದೀಯ ಎಂದಳು. ಇಳಿದಿದ್ದಾಳೆ ಅಂದರೆ ಎಷ್ಟು ಎಂದು ಕೇಳಿಬಿಡುತ್ತಿದ್ದೆ, ನಾಲಿಗೆ ಕಚ್ಚಿಕೊಂಡೆ. ಅವಳಿಗೆ ಆ ಟೆಸ್ಟಿನ ವಿಷಯ ತಿಳಿಯದು. ನನ್ನಿಂದ ತಿಳಿಯುವುದೂ ಇಲ್ಲ.

ನಿನ್ನ ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಆಗಿದೆ. ವಾಟ್ಸಾಪಿನಲ್ಲಿ ನಿನ್ನ ಮುಖ ಇದ್ದ ಜಾಗದಲ್ಲಿ ಬೂದು ಬಣ್ಣದ ಬೊಂಬೆ ಕೂತಿದೆ. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ಸೌಲಭ್ಯ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಈ ಕಾಗದ. ಅಂಚೆ ಕಚೇರಿಯಲ್ಲಿ ಕವರ್ ಕೇಳಿದರೆ ಕೌಂಟರಿನಲ್ಲಿದ್ದ ಹೆಂಗಸು ‘ಸ್ಪೀಡ್ ಪೋಸ್ಟಾ?’ ಎಂದರು. ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದವನಿಗೆ ಈಗ ಸ್ಪೀಡ್ ಯಾಕಮ್ಮ, ಸಾದಾ ಕವರೇ ಕೊಡಿ ಎಂದೆ. ತರೀಕೆರೆಯಲ್ಲಿ ಬಸ್ಸು ಹತ್ತಿದರೆ ನೀನಿರುವ ಅಜ್ಜಂಪುರ ಎಷ್ಟು ಹೊತ್ತಿನ ದಾರಿ! ಹೋದ ತಿಂಗಳು ಸ್ಟ್ಯಾಂಡಿನವರೆಗೂ ಹೋಗಿದ್ದೆ, ಬಸ್ಸೂ ನಿಂತಿತ್ತು. ‘ಇಲ್ಲಿಗೆ ಬರಬೇಡಿ’ ಎಂದು ನೀನು ಹೇಳಿದ್ದು ಕಿವಿಯಲ್ಲಿತ್ತು. ವಾಪಸ್ ಬಂದು ಅಂಗಡಿಯ ಶಟರ್ ಎತ್ತಿದೆ. ಮನೆಯಲ್ಲಿ ನಾವು ಆಡುವ ಮಾತು ಬೇರೆ, ಆದರೆ ಬರೆಯಲು ಕೂತರೆ ನಿನಗೂ ನನಗೂ ಸರಾಗವಾಗಿ ಬರುವುದು ಕನ್ನಡವೇ. ನನ್ನ ಅಕ್ಷರ ನೋಡಿ ನಗಬೇಡ, ಅಥವಾ ನಗು, ಅಡ್ಡಿಯಿಲ್ಲ.

ಅಂಗಡಿಯ ಸುದ್ದಿ ಹೇಳುತ್ತೇನೆ. ಈಗ ಮಡಚುವ ಫೋನ್ ಬಂದಿದೆಯಂತೆ. ಒಂದು ರಿಪೇರಿಗೂ ಬಂತು. ಅಜ್ಜಿಯ ಎಲೆಅಡಿಕೆ ಚೀಲದ ಹಾಗೆ ಮಡಚುವುದು, ಬಿಚ್ಚುವುದು. ಮಡಿಕೆಯಲ್ಲೇ ಗೆರೆ ಬಿದ್ದಿದೆ. ನೆಟ್ಟಗಿದ್ದ ಫೋನಿಗೆ ಏನು ದಾಡಿಯಾಗಿತ್ತೋ ಆ ಪುಣ್ಯಾತ್ಮರಿಗೆ! ಪೇಪರಿನಲ್ಲಿ ದಿನಾ ಅದೇ, ಅಲ್ಲಿ ಇಷ್ಟು ಲಕ್ಷ ಜನರ ನಂಬರ್ ಸೋರಿತು, ಇಲ್ಲಿ ಯಾರದೋ ಹೆಬ್ಬೆಟ್ಟು ಕದ್ದರು. ಓದಿ ಓದಿ ಜನಕ್ಕೆ ದಿಗಿಲು. ಚೌಳಹಿರಿಯೂರಿನ ಶಿವಮೂರ್ತಪ್ಪನವರು, ಅದೇ ಹಬ್ಬಕ್ಕೆ ನಮಗೆ ಎಳ್ಳುಂಡೆ ತಂದುಕೊಡುವವರು, ಫೋನನ್ನು ಟವಲಿನಲ್ಲಿ ಸುತ್ತಿಕೊಂಡು ಬಂದರು. ‘ಸಾಬ್ರೇ, ಇದ್ರ ಕಿವಿ ಎಲ್ಲೈತೆ ತೋರ್ಸಿ, ಕಿತ್ತಾಕ್ಬಿಡಿ. ನಾನೂ ನಮ್ಮ ಮನೆಯವಳೂ ಎಮ್ಮೆ ಮಾರೋ ಮಾತಾಡಿದ್ವಿ, ಬೆಳಿಗ್ಗೆ ನೋಡಿದ್ರೆ ಬರೀ ಎಮ್ಮೆ ವಿಡಿಯೋನೇ ಬತ್ತಾವೆ ಕಣ್ರೀ’ ಎಂದರು. ನಕ್ಕೆ. ನೋಡಿದರೆ ಅವರು ಹಾಕಿಕೊಂಡಿದ್ದ ಟಾರ್ಚ್ ಆ್ಯಪಿಗೂ ಮೈಕಿನ ಅನುಮತಿ ಕೊಟ್ಟಿದ್ದಾರೆ! ಟಾರ್ಚಿಗೆ ಮಾತು ಕೇಳಿ ಏನಾಗಬೇಕು? ಒಂದೊಂದಾಗಿ ಎಲ್ಲ ಬಂದ್ ಮಾಡಿಕೊಟ್ಟೆ. ಹೋಗುವಾಗ ಅವರು, ‘ಅಲ್ಲಾ ಸಾಬ್ರೇ, ಗಂಡಹೆಂಡ್ರ ಮಾತು ಕದ್ದು ಕೇಳೋರು ಎಂಥಾ ಜನ ಇರ್ಬೇಕ್ರೀ? ಅವ್ರಿಗೂ ಮನೆಮಕ್ಳು ಇರ್ತಾರಲ್ವೇ?’ ಎಂದರು. ಅವರು ಹೋದ ಮೇಲೆ ಹೊತ್ತಾದರೂ ಅದೇ ಸ್ಟೂಲಿನ ಮೇಲೆ ಕೂತಿದ್ದೆ.

ನೀನು ಕಂಡಿದ್ದೀಯಲ್ಲ ನಮ್ಮ ಅಂಗಡಿಯ ಪದ್ಧತಿ. ರಿಪೇರಿಗೆ ಕೊಟ್ಟವರ ಲಾಕ್ ನಂಬರನ್ನು ಅಂಟುಪಟ್ಟಿಯ ಮೇಲೆ ಬರೆದು ಫೋನಿನ ಬೆನ್ನಿಗೆ ಅಂಟಿಸುವುದು. ಪ್ಯಾಟರ್ನ್ ಇದ್ದರೆ ಒಂಬತ್ತು ಚುಕ್ಕಿ ಇಟ್ಟು ಗೆರೆ ಎಳೆಯುವುದು. ಕೊಡುವಾಗ ಆ ಪಟ್ಟಿಯನ್ನು ಅವರ ಎದುರಿಗೇ ಕಿತ್ತು ಚೂರು ಮಾಡುವುದು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ಗ್ಯಾಲರಿ ತೆರೆದವನಲ್ಲ ನಾನು. ಸೈಫುಲ್ಲಾನ ಅಂಗಡಿ ಅಂದರೆ ಹೆಣ್ಣುಮಕ್ಕಳು ಧೈರ್ಯವಾಗಿ ಫೋನ್ ಬಿಟ್ಟು ಹೋಗುತ್ತಾರೆ ಎಂದು ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ. ಬಕ್ರೀದ್‌ಗೆ ನೀನು ಬಂದಾಗ ನಿನ್ನ ಫೋನಿನ ಡಿಸ್‌ಪ್ಲೇ ಒಡೆದಿತ್ತು. ಬಿಚ್ಚುವ ಮುಂಚೆ ನಿನ್ನ ಶಾಲೆಯ ಮಕ್ಕಳ ಫೋಟೊ ಹೋಗದಿರಲಿ ಎಂದು ನಿನ್ನ ವಾಟ್ಸಾಪನ್ನು ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದೆ. ಅಲ್ಲಾಹ್ ಸಾಕ್ಷಿ, ಆಗ ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಕಳಚುವುದನ್ನು ಮರೆತೆ. ಮಾರನೆಯ ದಿನ ನೀನು ಹೊರಟ ಮೇಲೆ ಕಂಪ್ಯೂಟರ್ ಹಾಕಿದರೆ, ನೀನು ನಿನ್ನ ರೂಮಿನ ಗೆಳತಿ ಅನುಷಾಗೆ ಬರೆದದ್ದು ತೆರೆಯ ಮೇಲೆ ಬಂತು: ‘ಬಸ್ಸಲ್ಲಿ ಸೀಟ್ ಸಿಕ್ತು ಕಣೇ, ಪಕ್ಕದ ಅಜ್ಜಿ ಆಗ್ಲೇ ನನ್ನ ಮೇಲೆ ಒರಗಿ ಗೊರಕೆ.’ ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಕಳಚಿದರಾಯಿತು ಎಂದುಕೊಂಡೆ.

ಕಳಚಲಿಲ್ಲ. ಎರಡು ತಿಂಗಳು ಓದಿದೆ. ಅಮ್ಮಿ ಹೋದ ಮೇಲೆ ನಮ್ಮ ಮಾತು ಎಷ್ಟಿತ್ತು ಹೇಳು? ‘ಊಟ ಆಯ್ತಾ ಅಬ್ಬಾ’, ‘ಆಯ್ತು ಬೇಟಾ’, ‘ಮಾತ್ರೆ?’, ‘ತಗೊಂಡೆ.’ ಎರಡು ನಿಮಿಷ. ಅನುಷಾಗೆ ನೀನು ದಿನವಿಡೀ ಬರೆಯುತ್ತಿದ್ದೆ. ಸಾರಿಗೆ ಉಪ್ಪು ಜಾಸ್ತಿಯಾದದ್ದು, ಮೂರನೇ ಕ್ಲಾಸಿನ ಹುಡುಗಿ ನಿನಗೆ ಸೀಬೆಹಣ್ಣು ತಂದುಕೊಟ್ಟದ್ದು, ಹೆಡ್‌ಮಾಸ್ಟರರ ನಡಿಗೆ. ನನ್ನ ಮಗಳು ಇಷ್ಟು ನಗುತ್ತಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಆ ಕಂಪ್ಯೂಟರಿನ ಮುಂದೆ ಕೂತರೆ ಮನೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಅನ್ನಿಸುತ್ತಿತ್ತು. ತಪ್ಪು ಎಂದು ಗೊತ್ತಿತ್ತು. ಗೊತ್ತಿದ್ದೂ ಓದಿದೆ. ಒಂಟಿಯಾಗಿದ್ದೆ ಅನ್ನುವುದು ಕಾರಣವೇ ಹೊರತು ಕ್ಷಮೆಯಲ್ಲ, ಅಷ್ಟು ತಿಳುವಳಿಕೆ ನನಗೂ ಇದೆ.

ಆಗಸ್ಟಿನಲ್ಲಿ ಒಂದು ದಿನ ನೀನು ಬರೆದಿದ್ದೆ: ಗಂಟಲ ಹತ್ತಿರ ಗಂಟು, ಶಿವಮೊಗ್ಗದಲ್ಲಿ ಸೂಜಿ ಹಾಕಿ ಟೆಸ್ಟಿಗೆ ತೆಗೆದಿದ್ದಾರೆ, ಅಬ್ಬಾಗೆ ಮಾತ್ರ ಗೊತ್ತಾಗಬಾರದು, ಅಮ್ಮಿಗೂ ಹೀಗೇ ಗಂಟಿನಿಂದಲೇ ಶುರುವಾಗಿದ್ದು, ಅವರು ತಡೆದುಕೊಳ್ಳಲ್ಲ. ತಡೆದುಕೊಳ್ಳಲಿಲ್ಲ, ನೀನು ಹೇಳಿದ್ದು ನಿಜ. ನಾಲ್ಕು ದಿನ ಬುತ್ತಿಯನ್ನು ಬಿಚ್ಚದೆ ಹಾಗೇ ಮನೆಗೆ ವಾಪಸ್ ಒಯ್ದೆ. ಐದನೆಯ ದಿನ ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳುವ ಬದಲು ‘ರಿಪೋರ್ಟ್ ಏನಾಯ್ತು’ ಎಂದುಬಿಟ್ಟೆ. ನೀನು ‘ನಿಮಗ್ಯಾರು ಹೇಳಿದ್ರು?’ ಎಂದೆ. ಆಗಲಾದರೂ ನಿಜ ಹೇಳಬಾರದಿತ್ತೇ ಈ ಪಾಪಿ! ‘ಅನುಷಾ ಹೇಳಿದಳು’ ಎಂದೆ.

ಕದ್ದು ಓದಿದ್ದಕ್ಕಿಂತ ಅದು ದೊಡ್ಡದು. ಒಂದೇ ರೂಮಿನಲ್ಲಿದ್ದು ಒಂದು ವಾರ ನೀವಿಬ್ಬರೂ ಮುಖ ನೋಡಲಿಲ್ಲವಂತೆ. ಕೊನೆಗೆ ಆ ಹುಡುಗಿಯೇ ನಿನ್ನ ಫೋನ್ ಕಸಿದುಕೊಂಡು ಹುಡುಕಿ, ಎಲ್ಲಿಗೆ ಜೋಡಣೆಯಾಗಿದೆ ಎಂದು ತೋರಿಸಿದಳಂತೆ. ಅವತ್ತು ನೀನು ಮಾಡಿದ್ದೇ ಕೊನೆಯ ಫೋನು. ‘ಊರವರ ಫೋನ್ ಮುಟ್ಟಿ ನೋಡಲ್ಲ ಅಂತಿದ್ರಲ್ಲ ಅಬ್ಬಾ, ನಾನು ಊರವರಿಗಿಂತ ಕಡೆಯಾ?’ ಎಂದೆ. ಇಲ್ಲ ಬೇಟಾ. ಊರವರ ಫೋನಿನಲ್ಲಿ ನನ್ನವರು ಯಾರೂ ಇರಲಿಲ್ಲ, ಅದಕ್ಕೇ ನಾನು ಸಾಚಾ ಆಗಿದ್ದೆ. ಅನುಷಾಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ‘ನಂಗೆ ಬೇಜಾರಿಲ್ಲ ಅಂಕಲ್, ಅವಳನ್ನ ಕೇಳ್ಕೊಳ್ಳಿ’ ಎಂದಳು. ನಿನ್ನ ರಿಪೋರ್ಟಿನ ಬಗ್ಗೆ ಅವಳನ್ನು ಒಂದು ಮಾತೂ ಕೇಳಲಿಲ್ಲ. ಅವಳಾಗಿ ಹೇಳಲೂ ಇಲ್ಲ. ಒಳ್ಳೆಯ ಗೆಳತಿ, ಬಿಡಬೇಡ ಅವಳನ್ನು.

ಈಗ ಅಂಗಡಿ ಮುಚ್ಚಿ ಮನೆಗೆ ಬಂದರೆ ಟಿವಿ ಹಾಕುತ್ತೇನೆ, ಯಾರು ಏನು ಹೇಳುತ್ತಿದ್ದಾರೆ ಎಂದು ಕಿವಿಗೆ ಹೋಗುವುದಿಲ್ಲ. ಎರಡು ಲೋಟ ಚಹಾ ಮಾಡಿ ಒಂದನ್ನು ಚೆಲ್ಲುವುದು ಇನ್ನೂ ತಪ್ಪಿಲ್ಲ. ನೀನು ಹೇಳದೆ ಬಚ್ಚಿಟ್ಟದ್ದು ನನ್ನ ಮೇಲಿನ ಪ್ರೀತಿಯಿಂದ ಎಂದು ನನಗೆ ಗೊತ್ತು. ಹೇಳಬೇಕು ಅನ್ನಿಸಿದ ದಿನ ಹೇಳು. ಅನ್ನಿಸದಿದ್ದರೆ ಬೇಡ. ಆಸ್ಪತ್ರೆಗೆ ಹೋಗುವಾಗ ಮಾತ್ರ ಒಬ್ಬಳೇ ಹೋಗಬೇಡ, ಅನುಷಾಳನ್ನೋ ಖಾಲಾಳನ್ನೋ ಕರೆದುಕೊಂಡು ಹೋಗು.

ಅನುಷಾಗೂ ಅವಳ ತಾಯಿಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಕ್ಲಾಸಿನ ಮಕ್ಕಳಿಗೆ ಆಶೀರ್ವಾದ. ಅಲ್ಲಾಹ್ ನಿನ್ನನ್ನು ಸಲಾಮತ್ ಇಡಲಿ, ನನ್ನ ಆಯುಷ್ಯವನ್ನೂ ನಿನಗೇ ಕೊಡಲಿ.

ನಿನ್ನ ಅಬ್ಬಾ,
ಸೈಫುಲ್ಲಾ

ತಾ.ಕ.: ಕವರ್ ಅಂಟಿಸುವ ಮುಂಚೆ ಇದನ್ನು ಹೇಳಲೇಬೇಕು. ನೀನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಸ್ಕಾಲರ್‌ಶಿಪ್ ಅರ್ಜಿಗೆಂದು ನಿನಗೆ ಮೇಲ್ ಐಡಿ ಮಾಡಿಕೊಟ್ಟವನು ನಾನು. ಪಾಸ್‌ವರ್ಡ್ ಮರೆತರೆ ಇರಲಿ ಎಂದು ರಿಕವರಿ ಮೇಲ್ ಅನ್ನುವಲ್ಲಿ ಅಂಗಡಿಯ ಮೇಲ್ ಹಾಕಿದ್ದೆ. ಅದು ಹಾಗೇ ಇದೆ, ನಿನ್ನ ಕಣ್ಣಿಗೆ ಬಿದ್ದಿಲ್ಲ. ಹೋದ ಸೋಮವಾರ ನೀನು ಬೇರೆ ಯಾವುದೋ ಫೋನಿನಲ್ಲಿ ಮೇಲ್ ತೆರೆದದ್ದು ಅಂಗಡಿಯ ಮೇಲ್‌ಗೆ ಬಂದ ಸೂಚನೆಯಿಂದ ನನಗೂ ತಿಳಿಯಿತು. ಆಸ್ಪತ್ರೆಯವರು ರಿಪೋರ್ಟನ್ನು ಮೇಲ್‌ಗೇ ಕಳಿಸಿರುತ್ತಾರೆ. ‘ಪಾಸ್‌ವರ್ಡ್ ಮರೆತಿದೆ’ ಎಂದು ಒತ್ತಿದರೆ ಕೋಡ್ ನನ್ನ ಕೈಗೆ ಬರುತ್ತದೆ, ನಿನ್ನ ಮೇಲ್ ತೆರೆದುಕೊಳ್ಳುತ್ತದೆ. ನಾನೇ ಕಳಚಿಕೊಳ್ಳಬಹುದಿತ್ತು. ನಿನ್ನ ಹೆಸರು ಹೊತ್ತು ನನಗೆ ಬರುವುದು ಈಗ ಆ ಸೂಚನೆಯೊಂದೇ, ಕೈ ಬರಲಿಲ್ಲ. ನೀನೇ ಸೆಕ್ಯುರಿಟಿ ಅನ್ನುವಲ್ಲಿಗೆ ಹೋಗಿ ಅಂಗಡಿಯ ಮೇಲ್ ಅಳಿಸಿಬಿಡು. ಅಳಿಸಿದರೆ ನನಗೊಂದು ಕೊನೆಯ ಸಂದೇಶ ಬರುತ್ತದೆ. ಮಗಳು ಕಾಗದ ಓದಿದಳು ಎಂದು ತಿಳಿದುಕೊಳ್ಳುತ್ತೇನೆ, ಬೇರೆ ಉತ್ತರ ಬೇಡ. ನಾಳೆ ಅನ್ನಬೇಡ ಬೇಟಾ, ಓದಿದ ತಕ್ಷಣ ಅಳಿಸು. ನಿನ್ನೆ ಎರಡು ಸಲ ಆ ‘ಪಾಸ್‌ವರ್ಡ್ ಮರೆತಿದೆ’ ಬಟನ್ನಿನ ತನಕ ಬೆರಳು ತಂದು ಹಿಂದಕ್ಕೆ ತೆಗೆದಿದ್ದೇನೆ.