ವಿಮಾನ ಇಳಿಯುವ ರಸ್ತೆಯ ಕಲ್ಲು

ವಡೋದರಾ
೧೨ ಫೆಬ್ರವರಿ ೨೦೨೫

ಗೆಳೆಯ ಸಿದ್ದಲಿಂಗಪ್ಪ,

ನಿನ್ನ ರಾಘ್ಯಾನ ಶರಣು. ಕತಾರ್‌ಗಾಮಿನಲ್ಲಿ ನೀನೂ ನಿನ್ನ ಮಗ್ಗವೂ ಗದ್ದಲ ಮಾಡಿಕೊಂಡು ಸುಖವಾಗಿದ್ದೀರೆಂದು ತಿಳಿದಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಬಾಯಿ ಬರಲಿಲ್ಲ. ನನಗೆ ಬಾಯಿ ಬರಲಿಲ್ಲ ಎಂದರೆ ನೀನು ನಂಬುವವನಲ್ಲ.

ನಿನ್ನ ತಂಗಿ ಪಾರ್ವತಿಯ ಕೆಲಸ ಹೋಯಿತು. ಶನಿವಾರ ನಿನ್ನಲ್ಲಿಗೆ ಬರುತ್ತಾಳೆ. ತಪ್ಪು ಅವಳದಲ್ಲ.

ಯುದ್ಧದಲ್ಲಿ ವಿಮಾನ ನಿಲ್ದಾಣಕ್ಕೆ ಬಾಂಬು ಬಿದ್ದರೆ ಜೆಟ್‌ಗಳು ಹೆದ್ದಾರಿಯಲ್ಲೇ ಇಳಿದು ಏರಬೇಕಂತೆ. ಅದರ ತಾಲೀಮಿಗೆ ನಮ್ಮ ಗುತ್ತಿಗೆದಾರ ರಸ್ತೆ ಸ್ವಚ್ಛ ಮಾಡಿಕೊಡಬೇಕು. ಪಾರ್ವತಿಯೂ ನಾನೂ ಸೇರಿ ಇಪ್ಪತ್ತು ಜನ ಸಾಲಾಗಿ ತಲೆ ತಗ್ಗಿಸಿ ನಡೆಯುತ್ತೇವೆ. ಕಲ್ಲು, ಮೊಳೆ, ಏನು ಸಿಕ್ಕರೂ ಕೊರಳ ಚೀಲಕ್ಕೆ. ಒಂದು ಹರಳು ಎಂಜಿನ್ನಿಗೆ ಹೋದರೂ ವಿಮಾನ ಹೋಯಿತು, ಒಳಗಿನವನೂ ಹೋದ. ಮದುವೆ ಚಪ್ಪರದಲ್ಲಿ ಮೂಗುತಿ ಹುಡುಕುವ ಬೀಗರ ಹಾಗೆ ಕಾಣುತ್ತೇವೆ ಎಂದು ಎಲ್ಲರನ್ನೂ ನಗಿಸುತ್ತಿದ್ದೆ.

ಸೋಮವಾರ ಬಿಸಿಲು ಕೆಟ್ಟದಾಗಿತ್ತು. ಕೊನೆಯ ಅರ್ಧ ಕಿಲೋಮೀಟರ್ ನಡೆಯುವುದು ಬೇಡ, ರಸ್ತೆ ಪಕ್ಕದ ಗರಸುಕಲ್ಲು ತುಂಬಿಕೊಳ್ಳಿ ಎಂದ ನಮ್ಮ ಮೇಸ್ತ್ರಿ, ಮುಕಾದಮ್. ಚೀಲ ಭಾರವಾಗಿದ್ದರೆ ಸಾಕು, ಕೆಲಸ ಮಾಡಿದ ಹಾಗೆ. ಹತ್ತೊಂಬತ್ತು ಜನ ತುಂಬಿಕೊಂಡೆವು. ಥೂ, ಬರೆಯುವುದಕ್ಕೂ ಹೇಸಿಗೆ. ಪಾರ್ವತಿ ಒಬ್ಬಳೇ ನಡೆದಳು.

"ಮ್ಯಾಲಿಂದ ಇಳಿಯಾಂವಗೂ ಒಬ್ಬಾಕಿ ಅವ್ವ ಇರ್ತಾಳಪ್ಪಾ," ಅಂದಳು.

ಮಧ್ಯಾಹ್ನ ವಾಯುಸೇನೆಯ ಸಾಹೇಬರು ತಾವೇ ನಡೆದು ನೋಡಿದರು. ಆ ಅರ್ಧ ಕಿಲೋಮೀಟರಿನಲ್ಲೇ, ಅವಳು ನಡೆದ ಸಾಲಿನಿಂದ ಎಷ್ಟೋ ದೂರದಲ್ಲಿ, ಬೆರಳುದ್ದದ ಬೋಲ್ಟು ಸಿಕ್ಕಿತು. ಯಾರು ನಡೆದಿಲ್ಲ ಎಂದು ಕೇಳಿದರು. ಮುಕಾದಮ್ ಎಲ್ಲಕ್ಕಿಂತ ಹಗುರ ಚೀಲ ಎತ್ತಿ ತೋರಿಸಿದ. ಅದು ಅವಳದು, ಆರೋ ಏಳೋ ಹರಳು, ನಿಜವಾಗಿ ಹೆಕ್ಕಿದ್ದು. ಇವರನ್ನೇ ಕೇಳಿ ಎಂದು ಅವಳು ನಮ್ಮ ಕಡೆ ಕೈ ಮಾಡಿದಳು. ಯಾರೂ ಬಾಯಿ ಬಿಡಲಿಲ್ಲ. ಅನ್ನ ತಿನ್ನುವ ಬಾಯಿಗಳಾ ಇವು?

ಬಂದ ಕೂಡಲೇ ಅವಳಿಗೆ ಬಿಸಿ ರೊಟ್ಟಿ ಹಾಕು, ಏನೂ ಕೇಳಬೇಡ. ನಿನ್ನ ಮಕ್ಕಳು ಚೆನ್ನಾಗಿರಲಿ. ಅವರಿಗೆ ನನ್ನ ಆಯುಷ್ಯವೂ ಸಿಗಲಿ.

ನಿನ್ನ
ರಾಘವ

ತಾ.ಕ.: ಯಾರೂ ಬಾಯಿ ಬಿಡಲಿಲ್ಲ ಎಂದದ್ದು ಸುಳ್ಳು. ಈಕೆ ನಡೆದಳೇ ಎಂದು ಸಾಹೇಬರು ನನ್ನನ್ನೇ ಕೇಳಿದ್ದರು. ಆನೆ ಎದುರು ನಿಂತರೂ ಈಕೆಗೆ ಕಾಣುವುದಿಲ್ಲ ಸಾಹೇಬ್ ಎಂದೆ, ನನ್ನ ಹರಕು ಹಿಂದಿಯಲ್ಲಿ. ಎಲ್ಲರೂ ನಕ್ಕರು. ಮುಕಾದಮ್ ಬೆನ್ನು ತಟ್ಟಿದ. ಪಾರ್ವತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದಳು. ಅವಳು ಇದನ್ನು ನಿನಗೆ ಹೇಳಲಿಕ್ಕಿಲ್ಲ.