ಲೆಕ್ಕದಿಂದ ಬಿಟ್ಟುಹೋದ ಅಜ್ಜಿ

ಅಕ್ಕಾ,

ಈ ಊರು ನನಗಿನ್ನೂ ಒಗ್ಗಿಲ್ಲ. ಕ್ಯಾನ್ಸರ್ ಬಂದವರು ಎಷ್ಟು ವರ್ಷ ಬದುಕುತ್ತಾರೆಂದು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹಾಕಿ ಸಾಕಾಗಿದೆ. ಒಬ್ಬರು ತೀರಿಕೊಂಡಾಗಲೆಲ್ಲ ನಕ್ಷೆಯ ಗೆರೆ ಒಂದು ಮೆಟ್ಟಿಲು ಇಳಿಯುತ್ತದೆ. ತಪಾಸಣೆಗೆ ಬರುವುದನ್ನು ಬಿಟ್ಟವರು ಇದ್ದಾರೋ ಇಲ್ಲವೋ ತಿಳಿಯದೆ, ಒಂದು ಗೀಟೆಳೆದು ಅವರನ್ನು ಅಲ್ಲಿಗೇ ಕೈಬಿಡುತ್ತೇವೆ. ನಿನ್ನೆ ಹಾಗೆ ಕೈಬಿಟ್ಟಿದ್ದ ಅಜ್ಜಿಯೊಬ್ಬರು ನಮ್ಮ ಕೋಣೆಯ ಬಾಗಿಲಲ್ಲೇ ನಿಂತಿದ್ದರು!

"ಇಷ್ಟು ವರ್ಷ ಎಲ್ಲಿದ್ರಿ ಅಜ್ಜಿ?" ಎಂದೆ.

"ಗುಂಡುಕಲ್ಲಿನ ಹಾಗೆ ಮನೇಲೇ ಇದ್ದೆ. ನೀವ್ಯಾರೂ ಬಾ ಅನ್ಲಿಲ್ವಲ್ಲಮ್ಮ," ಎಂದರು.

ಕುರ್ಚಿ ಎಳೆದುಕೊಟ್ಟೆ.

ಆಪರೇಷನ್ ಆದಮೇಲೆ ನೀನೂ ಡಾಕ್ಟರ ಕಡೆ ತಲೆಹಾಕಿಲ್ಲವೆಂದು ಭಾವ ಬರೆದಿದ್ದಾರೆ. ಈ ವಾರವೇ ಹೋಗು. ಹೆದರಿಕೆಯಾದರೆ ಹೇಳು, ರಜೆ ಹಾಕಿ ಬಂದು ಪಕ್ಕದಲ್ಲಿ ಕೂರುತ್ತೇನೆ.

ಅವಸರದಲ್ಲಿ,
ನಿನ್ನ ತಂಗಿ